ಉಂಬಳ ಬಂದರೆ ಹುಲಿಯನ್ನೂ ನಂಬಬಹುದು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ಕಾಲೇಜು ಮಕ್ಕಳಿಗೆ.

ಹಡಗು ಒಡೆದು ದ್ವೀಪ ಸೇರಿದವನು, ಸೆರೆಯಿಂದ ತಪ್ಪಿಸಿಕೊಂಡವನು, ಹೀಗೆ ಸಾವಿನ ಬಾಯಿಂದ ಪಾರಾಗಿ ಬಂದವರ ಕಥೆಗಳಿವೆಯಲ್ಲ, ಅವಕ್ಕೆಲ್ಲ ಒಂದೇ ಪೇಚು. ನಡೆದದ್ದು ನಂಬುವ ಹಾಗಿರುವುದಿಲ್ಲ. ಆದರೂ ನಂಬಿಸಬೇಕು.

ಆಗುಂಬೆ ಕಾಡಿನಲ್ಲಿ ದಾರಿ ತಪ್ಪಿದವನ ಕಥೆ ಬರೆಯಿರಿ ಅಂದರೆ ಹೆಚ್ಚಿನವರು ಮೊದಲ ಪುಟಕ್ಕೇ ಹುಲಿ ತರುತ್ತಾರೆ. ನಮ್ಮ ಕಡೆಯವರಿಗೆ ಅಲ್ಲೇ ಅನುಮಾನ ಶುರು. ಮಳೆಗಾಲದಲ್ಲಿ ಕಾಡು ಹೊಕ್ಕವನಿಗೆ ಮೊದಲು ಸಿಗುವುದು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾಲ್ಬೆರಳ ಸಂದಿ ಅಂಟಂಟು ಅನ್ನಿಸಿ ಬಗ್ಗಿ ನೋಡಿದರೆ ರಕ್ತ ಇಳಿಯುತ್ತಿರುತ್ತದೆ. ಕಿತ್ತೆಸೆದರೂ ಬೇಗ ನಿಲ್ಲುವುದಿಲ್ಲ. ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗುವುದು ಸುಮ್ನೆ ಅಲ್ಲ. ಕಥೆಯಲ್ಲಿ ಈ ಉಂಬಳ ಒಮ್ಮೆ ಬಂದುಬಿಟ್ಟರೆ, ಆಮೇಲೆ ಹುಲಿ ಬಂದರೂ ತೀರ್ಥಹಳ್ಳಿಯ ಓದುಗ ತಲೆ ಆಡಿಸುತ್ತಾನೆ.

ಈಗ ಕುಪ್ಪಳಿಯ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ 'ಮಹಾಪಲಾಯನ' ನೋಡೋಣ. ಮೂಲ ಪುಸ್ತಕ ಬಂದದ್ದು 1956ರಲ್ಲಿ. ಅದರ ಲೇಖಕ ಸ್ಲಾವೊಮಿರ್ ರಾವಿಚ್ ಎಂಬ ಪೋಲೆಂಡಿನ ಸೈನಿಕ, 25 ವರ್ಷದ ಶಿಕ್ಷೆ ಹೊತ್ತು ಸೈಬೀರಿಯಾದ ಶಿಬಿರ ಸೇರಿದವನು. 1941ರಲ್ಲಿ ಅವನೂ ಸೇರಿ ಏಳು ಜನ ಅಲ್ಲಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದರು ಅನ್ನುವುದು ಕಥೆ. ಮುಟ್ಟಿದ್ದು ನಾಲ್ವರು.

ಅವರ ಹತ್ತಿರ ಒಂದು ಕೊಡಲಿ ಇದೆ. ಕೊಂಬು ಸಿಕ್ಕಿಹಾಕಿಕೊಂಡು ಒದ್ದಾಡುವ ಜಿಂಕೆಯನ್ನು ಅದರಿಂದಲೇ ಕೊಲ್ಲುತ್ತಾರೆ. ಹೊಟ್ಟೆ ಬಿರಿಯ ತಿನ್ನುತ್ತಾರೆ. ಚರ್ಮದಲ್ಲಿ ಕಾಲಿಗೆ ಜೋಡು ಮಾಡಿಕೊಳ್ಳುತ್ತಾರೆ. 'ಕೊಡಲಿ ಭರವಸೆಯ ಸಂಕೇತ' ಅಂತ ನಮ್ಮ ಮಕ್ಕಳು ಉತ್ತರ ಬರೆದು ಮುಗಿಸುತ್ತಾರೆ. ಮಾರ್ಕ್ಸ್ ಸಿಗಬಹುದು, ಆದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಆ ಕೊಡಲಿ ಮೊದಲು ಏನೇನು ಕಡಿಯಿತು, ಯಾರ ಕೈಯಲ್ಲಿತ್ತು, ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಬರೆಯಿರಿ. ಕೆಲಸಕ್ಕೆ ಬಂದ ವಸ್ತುವೇ ನಿಧಾನಕ್ಕೆ ಸಂಕೇತ ಆಗುವುದು. ಹಡಗು ಒಡೆದು ದ್ವೀಪ ಸೇರಿದ ಕಥೆಯ ರಾಬಿನ್‌ಸನ್ ಕ್ರೂಸೋ ಆ ಹಡಗಿನಲ್ಲಿ ಸಿಕ್ಕ ಹಣವನ್ನು ನೋಡಿ 'ನೀನು ಯಾವ ಪ್ರಯೋಜನಕ್ಕೆ' ಅಂತ ಬೈಯುತ್ತಾನೆ. ಆಮೇಲೆ ಯೋಚಿಸಿ, ತೆಗೆದುಕೊಂಡೇ ಹೋಗುತ್ತಾನೆ! ಹಣದ ಬಗ್ಗೆ ಒಂದು ಪುಟ ಉಪದೇಶ ಬರೆದಿದ್ದರೂ ಇಷ್ಟು ನಾಟುತ್ತಿರಲಿಲ್ಲ, ಅಲ್ವಾ?

ದಾರಿಯಲ್ಲಿ ಕ್ರಿಸ್ಟಿನಾ ಎಂಬ ಹುಡುಗಿ ಜೊತೆಯಾಗುತ್ತಾಳೆ. ಗೋಬಿಯಲ್ಲಿ ಅವಳ ಕಾಲು ಊದಿಕೊಳ್ಳುತ್ತದೆ, ಗಂಡಸರು ಎತ್ತಿಕೊಂಡು ನಡೆಯುತ್ತಾರೆ, ಕೊನೆಗೆ ಅಲ್ಲೇ ತೀರಿಕೊಳ್ಳುತ್ತಾಳೆ. ಲೇಖಕ ಊದಿದ ಕಾಲನ್ನು ತೋರಿಸುತ್ತಾನೆ, ದುಃಖದ ಕೆಲಸವನ್ನು ನಮಗೆ ಬಿಡುತ್ತಾನೆ. ತನ್ನವರು ಸತ್ತದ್ದನ್ನು ಹೀಗೆ ಮುಚ್ಚಿಡದೆ ಹೇಳುವವನನ್ನು ಅನುಮಾನಿಸಲು ನಮಗೆ ಮನಸ್ಸು ಬರುವುದಿಲ್ಲ. ಬಹಳ ಜಾಣ ಕೆಲಸ ಇದು.

ಹಿಮಾಲಯದಲ್ಲಿ ಯೇತಿಗಳು, ಅಂದರೆ ಹಿಮಮಾನವ ಅನ್ನುತ್ತಾರಲ್ಲ ಆ ಪ್ರಾಣಿಗಳು, ಬರುತ್ತವೆ. ಎರಡು! ಜೋಡು, ಕೊಡಲಿ, ಊದಿದ ಕಾಲು ಎಲ್ಲ ಆದ ಮೇಲೆ ಬಂದದ್ದರಿಂದ ಎಷ್ಟೋ ಓದುಗರು ಅವನ್ನೂ ನುಂಗಿಕೊಂಡರು. ನಮ್ಮ ಉಂಬಳ, ಹುಲಿಯ ಲೆಕ್ಕವೇ. ಆದರೆ 2006ರಲ್ಲಿ ಬಿಬಿಸಿ ಹಳೆಯ ದಾಖಲೆಗಳನ್ನು ಹೊರತಂದಿತು. ರಾವಿಚ್ ತಪ್ಪಿಸಿಕೊಂಡವನಲ್ಲ, 1942ರಲ್ಲಿ ಸೋವಿಯತ್ ಕ್ಷಮಾದಾನದಲ್ಲಿ ಬಿಡುಗಡೆಯಾದವನು ಅಂತ ಅವು ಹೇಳುತ್ತವೆ. ಅದರಲ್ಲಿ ಅವನದೇ ಕೈಬರಹದ್ದೂ ಇತ್ತು.

ಹಾಗಾದರೆ ಪುಸ್ತಕ ಮೋಸವಾ? ಕಾದಂಬರಿ ಅಂತ ಓದಿದರೆ ನನಗೆ ಈಗಲೂ ಬಿಟ್ಟೇಳಲು ಆಗುವುದಿಲ್ಲ. 'ನಾನೇ ನಡೆದೆ' ಅಂತ ಹೇಳಿದ್ದಕ್ಕೆ ಮಾತ್ರ ನನ್ನ ತಕರಾರು. ನಂಬಿಸುವ ಜಾಣ್ಮೆಗೂ ಸಾಕ್ಷಿಗೂ ಇರುವ ದೂರ ಈ ಪುಸ್ತಕದಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಪುಸ್ತಕ ಮನೆಯಲ್ಲಿದ್ದರೆ ಗೋಬಿಯ ಭಾಗ ತೆಗೆಯಿರಿ. ನೀರಿಲ್ಲದೆ ಎಷ್ಟು ದಿನ ನಡೆದರು ಅಂತ ಲೆಕ್ಕ ಹಾಕಿ. ಎಲ್ಲಿ ಅನುಮಾನ ಬಂತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅದರ ಹಿಂದಿನ ಪುಟದಲ್ಲಿ ಲೇಖಕ ಯಾವ ಸಣ್ಣ ವಸ್ತು ತೋರಿಸಿದ್ದ ಅಂತ ಹುಡುಕಿ. ನಮಸ್ಕಾರ.