ಬ್ಯಾಡ್ಜಿಗೆ ಸಿಗದ ಮಂಜು

ನಮ್ಮ ಕೊಡಗಲ್ಲಿ ಕಾಫಿ ತೋಟದ ಮನೆ ಅಂದ್ರೆ ಅಂಗಳದಲ್ಲೊಂದು ಮಳೆಮಾಪಕ ಇರಲೇಬೇಕು. ಬೆಳಗ್ಗೆ ಅಳೆದು ಇಂಚು, ಸೆಂಟು ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದರೇ ಸಮಾಧಾನ. ಆದ್ರೆ ಮಂಜು ಬಿದ್ದ ದಿನ ಮಾಪಕ ಒಣಗಿರುತ್ತೆ, ಗಿಡದ ಎಲೆಯೆಲ್ಲಾ ತೊಟ್ಟಿಕ್ಕುತ್ತಿರುತ್ತೆ.

ಕೈಗಾದಂಥ, ಭಾರಜಲ ಬಳಸೋ ಅಣು ವಿದ್ಯುತ್ ಸ್ಥಾವರದಲ್ಲಿ ಮೈಗೆ ತಗುಲಿದ ವಿಕಿರಣ ಅಳೆಯೋಕೆ ಎದೆಗೆ ಸಿಕ್ಕಿಸೋ ಟಿಎಲ್‌ಡಿ ಬ್ಯಾಡ್ಜಿನ ಹಣೆಬರಹವೂ ಇದೇ. ಗಾಮಾ ವಿಕಿರಣ ಬಂದರೆ ಅಳೆಯುತ್ತೆ. ಭಾರಜಲದಲ್ಲಿ ಹುಟ್ಟೋ ಟ್ರಿಟಿಯಂ, ಅಂದ್ರೆ ವಿಕಿರಣ ಸೂಸೋ ಹೈಡ್ರೋಜನ್, ಬಂದರೆ? ಅದರ ಬೀಟಾ ಕಣ ಗಾಳಿಯಲ್ಲಿ ಹೆಚ್ಚೆಂದರೆ 6 ಮಿಲಿಮೀಟರ್ ಹೋಗುತ್ತೆ, ಬ್ಯಾಡ್ಜಿನೊಳಗಿನ ಡಿಸ್ಕನ್ನ ಮುಟ್ಟೋದೇ ಇಲ್ಲ. ಪಂಪಿನ ಸೀಲಲ್ಲೋ ವಾಲ್ವಿನ ಗ್ಲ್ಯಾಂಡಲ್ಲೋ ಭಾರಜಲ ಸೋರಿ ಆವಿಯಾದರೆ ಅದರ ಜೊತೆ ಟ್ರಿಟಿಯಂ ಮೈಯೊಳಗೆ ಹೋಗುತ್ತೆ: ಮೂರರಲ್ಲಿ ಎರಡು ಪಾಲು ಉಸಿರಲ್ಲಿ, ಒಂದು ಪಾಲು ಚರ್ಮದ ಮೂಲಕ. ಅದಕ್ಕೇ ಬರೀ ಮಾಸ್ಕ್ ಸಾಲದು, ಕೊಳವೆಯಲ್ಲಿ ಗಾಳಿ ಬರೋ ಪ್ಲಾಸ್ಟಿಕ್ ಸೂಟೇ ಬೇಕು.

ಒಳಗೆ ಹೋಗಿದ್ದನ್ನ ಹಿಡಿಯೋದು ಮೂತ್ರದ ಸ್ಯಾಂಪಲ್ಲು. ಹೇಳೋಕೆ ಮುಜುಗರ, ಕೊಡೋಕೆ ಬೇಸರ. ನನ್ನ ಪ್ರಕಾರ ಇಡೀ ಸುರಕ್ಷತಾ ವ್ಯವಸ್ಥೆ ನಿಂತಿರೋದು ಆ ಬಾಟಲಿ ಮೇಲೆ. 2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯೋ ನೀರಿನ ಕೂಲರಿಗೆ ಟ್ರಿಟಿಯಂ ಸೇರಿದ್ದು ನೆನಪಿದೆಯಾ? ಯಾರೋ ಬೇಕಂತಲೇ ಬೆರೆಸಿದ್ದು ಅಂತ ಅಧಿಕಾರಿಗಳೇ ಹೇಳಿದರು. ಅದನ್ನ ಹಿಡಿದುಕೊಟ್ಟದ್ದು ಮಾಮೂಲಿ ಮೂತ್ರ ಪರೀಕ್ಷೆ.

ಕೊಡೋದರಲ್ಲೂ ಒಂದು ಲೆಕ್ಕ ಇದೆ. ಟ್ರಿಟಿಯಂ ಮೈಯ ನೀರಲ್ಲೆಲ್ಲಾ ಬೆರೆಯೋಕೆ ಎರಡು ಮೂರು ಗಂಟೆ ಬೇಕು. ಹೊರಗೆ ಬಂದ ತಕ್ಷಣ ಬಾಟಲಿ ತುಂಬಿಸಿದರೆ ಮೂತ್ರಕೋಶದಲ್ಲಿ ಮೊದಲೇ ಇದ್ದ ನೀರು ಸೇರಿಕೊಂಡು ಅಂಕಿ ಕಮ್ಮಿ ತೋರಿಸುತ್ತೆ. ಹಾಗಾಗಿ ಒಂದು ಸಲ ಮೂತ್ರಕ್ಕೆ ಹೋಗಿ ಬಂದು, ಆಮೇಲಿನದ್ದನ್ನ ಕೊಡಬೇಕು. ಜಾಸ್ತಿ ಬಂದಿದ್ದರೆ ಚೆನ್ನಾಗಿ ನೀರು ಕುಡಿಸ್ತಾರೆ. ಸುಮ್ಮನೆ ಬಿಟ್ಟರೆ ಅರ್ಧ ಇಳಿಯೋಕೇ ಸುಮಾರು 10 ದಿನ.

ಇನ್ನು ಕೆಲಸಗಾರನ ಮೈಗೆ ತಗುಲಬಹುದಾದ ವಿಕಿರಣದ, ಅಂದ್ರೆ ಡೋಸಿನ ಮಿತಿ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸಿನ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಬ್ಯಾಡ್ಜು ತೋರಿಸೋ ಹೊರಗಿನದು, ಮೂತ್ರ ತೋರಿಸೋ ಒಳಗಿನದು ಎರಡನ್ನೂ ಕೂಡಿಸಿದ ಲೆಕ್ಕ ಇದು. ಗುತ್ತಿಗೆ ಹುಡುಗರ ವಿಷಯದಲ್ಲೇ ಎಡವಟ್ಟು ಶುರುವಾಗೋದು. ಡೋಸ್ ಏರಿದರೆ ಒಳಗಿನ ಕೆಲಸ ಕೈಬಿಡುತ್ತೆ, ಕೂಲಿಯೂ ಹೋಗುತ್ತೆ ಅಂತಾದರೆ, ಬ್ಯಾಡ್ಜು ಲಾಕರಲ್ಲಿ ಉಳಿಯುತ್ತೆ, ಸ್ಯಾಂಪಲ್ಲು 'ನಾಳೆ ಕೊಡ್ತೀನಿ ಸಾರ್' ಆಗುತ್ತೆ. ಆ ಹುಡುಗನ ಮೇಲೆ ಕೂಗಾಡಿ ಏನು ಪ್ರಯೋಜನ? ಅದೇ ಕೂಲಿಗೆ ಹೊರಗಡೆ ಕೆಲಸ ಕೊಡ್ತೀವಿ ಅಂತ ಗುತ್ತಿಗೆ ಪತ್ರದಲ್ಲೇ ಬರೆಸಿ.

ತಿಂಗಳ ಮೀಟಿಂಗಲ್ಲಿ ನೂರಕ್ಕೆ ನೂರು ಬ್ಯಾಡ್ಜ್ ವಾಪಸ್ ಬಂತು ಅಂತ ಬೆನ್ನು ತಟ್ಟಿಕೊಳ್ಳೋದನ್ನ ಬಿಟ್ಟು, ಸ್ಯಾಂಪಲ್ ಬಾಕಿ ಇರೋರ ಪಟ್ಟಿ ಮೊದಲು ಮೇಜಿಗೆ ಬರಲಿ. ಬಾಟಲಿ ಚೀಟಿ ಮೇಲೆ ಎರಡು ಹೊತ್ತು ಇರಲಿ: ಒಳಗಿಂದ ಬಂದದ್ದು ಎಷ್ಟೊತ್ತಿಗೆ, ಸ್ಯಾಂಪಲ್ ಕೊಟ್ಟದ್ದು ಎಷ್ಟೊತ್ತಿಗೆ. ನಡುವೆ ಹತ್ತೇ ನಿಮಿಷ ಇದ್ದರೆ ಇನ್ನೊಂದು ಬಾಟಲಿ ಕೊಟ್ಟು ಕಳಿಸಿ.