ಕ್ಯಾತ್ಸಂದ್ರದವರೆಗೆ ಒಂದು ಟಿಕೆಟ್

ಕೇಳುಗರೆಲ್ಲರಿಗೂ ನಮಸ್ಕಾರ.

ಗುಬ್ಬಿ, ಕುಣಿಗಲ್, ದೇವರಾಯನದುರ್ಗದ ಕಡೆ ಕತ್ತಲಾಯಿತೆಂದರೆ ಒಂದು ಮಾತು ಕಿವಿಗೆ ಬೀಳುತ್ತದೆ. “ಒಬ್ಬನೇ ಹೋಗಬೇಡ ಕಣಪ್ಪ, ಚಿರತೆ ಐತೆ.” ಅದು ಬರೀ ಕತೆಯಲ್ಲ. ಆದರೂ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ತೋಟಕ್ಕೆ ಹೋಗಲೇಬೇಕು. ಜನ ಏನು ಮಾಡುತ್ತಾರೆ? ಟಾರ್ಚ್ ಹಿಡಿಯುತ್ತಾರೆ, ಜೊತೆಗೊಬ್ಬರನ್ನು ಕರೆಯುತ್ತಾರೆ, ಜೋರಾಗಿ ಮಾತಾಡುತ್ತಾ ನಡೆಯುತ್ತಾರೆ. ಸಂಜೆಯಾದ ಮೇಲೆ ಮಕ್ಕಳನ್ನು ಹಿತ್ತಲಿಗೆ ಬಿಡುವುದಿಲ್ಲ. ಈ ಭಯ ನಮ್ಮನ್ನು ಕಾಯುತ್ತದೆ. ಇದನ್ನು ಓಡಿಸಿ ಎಂದು ನಾನು ಹೇಳುವುದಿಲ್ಲ.

ನಾನು ಇವತ್ತು ಮಾತಾಡಬೇಕೆಂದಿರುವುದು ಇನ್ನೊಂದು ಭಯದ ಬಗ್ಗೆ. ಅಲ್ಲಿ ಚಿರತೆಯೇ ಇರುವುದಿಲ್ಲ, ಆದರೆ ಮೈಗೆ ಅದು ಗೊತ್ತಿರುವುದಿಲ್ಲ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನಾ ಬೆಳಗ್ಗೆ ರೈಲು ಹತ್ತಿ ಕೆಲಸಕ್ಕೆ ಹೋಗಿ, ರಾತ್ರಿ ಮನೆಗೆ ಬರುವವರು ಸಾವಿರಾರು ಜನ. ಅವರಲ್ಲಿ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ರೈಲು ತುಂಬಿದೆ, ಕಾಲಿಡಲು ಜಾಗವಿಲ್ಲ. ಇದ್ದಕ್ಕಿದ್ದಂತೆ ಅವಳ ಎದೆ ಡವಡವ ಎನ್ನುತ್ತದೆ. ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ, ಉಸಿರು ಸಾಲುವುದಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ನಿಡವಂದದಲ್ಲಿ ರೈಲು ನಿಂತ ಕೂಡಲೇ ಇಳಿದುಬಿಡುತ್ತಾಳೆ. ಪ್ಲಾಟ್‌ಫಾರಂ ಕಲ್ಲುಬೆಂಚಿನ ಮೇಲೆ ಕುಳಿತ ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾಗುತ್ತದೆ.

ಒಳಗೆ ನಡೆದದ್ದು ಇಷ್ಟು. ಮೆದುಳಿನಲ್ಲಿ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಅಪಾಯ ಕಂಡರೆ ಅದು ಎಚ್ಚರಿಕೆ ಕೊಡುತ್ತದೆ. ಆಗ ಮೂತ್ರಪಿಂಡದ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಎದೆ ಬಡಿತ ಹೆಚ್ಚಾಗಿ ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳಿಗೆ ನುಗ್ಗುತ್ತದೆ. ಇದೆಲ್ಲ ಓಡುವುದಕ್ಕೆ ಅಥವಾ ಹೊಡೆದಾಡುವುದಕ್ಕೆ ಮೈ ಮಾಡಿಕೊಳ್ಳುವ ತಯಾರಿ. ಚಿರತೆ ಎದುರಾದರೆ ಬೇಕಾದದ್ದೇ. ರೈಲಿನಲ್ಲಿ ಎಲ್ಲಿಗೆ ಓಡುವುದು? ಹಾಗಾಗಿ ಅವಳು ತನ್ನ ಎದೆಬಡಿತಕ್ಕೇ ಹೆದರುತ್ತಾಳೆ. ಹೆದರಿದಷ್ಟೂ ಬಡಿತ ಜಾಸ್ತಿ.

ನನ್ನ ಲೆಕ್ಕದಲ್ಲಿ ನಿಜವಾದ ತೊಂದರೆ ಶುರುವಾಗುವುದು ಅವಳು ಇಳಿದ ಮೇಲೆ. ಇಳಿದ ತಕ್ಷಣ ನೆಮ್ಮದಿ ಸಿಕ್ಕಿತು ನೋಡಿ, ‘ಇಳಿದದ್ದರಿಂದ ಬದುಕಿದೆ’ ಎಂದು ಮೆದುಳು ಕಲಿತುಬಿಡುತ್ತದೆ. ರೈಲಿನಲ್ಲೇ ನಿಂತಿದ್ದರೂ ಆ ಗಾಬರಿ ಕಡಿಮೆಯಾಗುತ್ತಿತ್ತು. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಅದನ್ನು ನೋಡುವ ಅವಕಾಶವೇ ಅವಳಿಗೆ ಸಿಗಲಿಲ್ಲ. ನಾಳೆ ರೈಲು ಬೇಡ, ಬಸ್ಸು ಸಾಕು ಎನ್ನುತ್ತಾಳೆ. ಕೆಲವು ದಿನಕ್ಕೆ ಬಸ್ಸೂ ಬೇಡ. ಆಮೇಲೆ ಕೆಲಸ ಬೇಡ, ಮದುವೆ ಮನೆ ಬೇಡ, ಸಂತೆಯೂ ಬೇಡ. ತಪ್ಪಿಸಿಕೊಂಡಷ್ಟೂ ಅವಳು ಓಡಾಡುವ ಜಾಗ ಚಿಕ್ಕದಾಗುತ್ತಾ ಹೋಗುತ್ತದೆ. ಮನೆಯವರು “ಗಾಳಿ ಸೋಕಿದೆ” ಎಂದು ತಾಯತ ಕಟ್ಟಿಸುತ್ತಾರೆ. ತಾಯತ ಕಟ್ಟುವವರನ್ನು ನಾನು ಬೈಯುವುದಿಲ್ಲ. ಮನೆಯವರು ತನಗಾಗಿ ಓಡಾಡಿದರು ಅನ್ನುವ ಸಮಾಧಾನ ಅವಳಿಗೂ ಇರುತ್ತದೆ. ಆದರೆ ತಾಯತ ಕಟ್ಟಿಕೊಂಡೂ ಅವಳು ರೈಲು ಹತ್ತದಿದ್ದರೆ ಏನು ಬಂತು?

ಒಂದು ಮಾತು ಮೊದಲೇ ಹೇಳಿಬಿಡಬೇಕು. ಎದೆನೋವು, ಉಸಿರು ಕಟ್ಟುವುದು ಬಂದರೆ ಅದು ಬರೀ ಭಯ ಎಂದು ನೀವೇ ತೀರ್ಮಾನ ಮಾಡಬೇಡಿ. ವಯಸ್ಸಾಗಿದ್ದರೆ, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ತಡ ಮಾಡಲೇಬೇಡಿ. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಡಾಕ್ಟರು ನೋಡಿ ಏನೂ ಇಲ್ಲ ಎಂದ ಮೇಲೆ ಉಳಿದ ಮಾತು.

ಈ ಭಯದಿಂದ ಹೊರಗೆ ಬರುವ ದಾರಿ ಹಳೆಯದೇ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಅವರು ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಆಗುತ್ತಿರಲಿಲ್ಲ. ಅವರು ಮೊಲವನ್ನು ಅವನ ಮಡಿಲಿಗೆ ಹಾಕಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುತ್ತಿದ್ದಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಇವತ್ತಿಗೂ ಮನೋವೈದ್ಯರು ಭಯಕ್ಕೆ ಕೊಡುವ ತರಬೇತಿಯ ಬೇರು ಇಲ್ಲಿದೆ.

ಇದನ್ನು ನಮ್ಮ ಹುಡುಗಿಯ ರೈಲಿಗೆ ಹೊಂದಿಸೋಣ. ಮೊದಲು ತುಮಕೂರು ಸ್ಟೇಷನ್ನಿಗೆ ಹೋಗಿ ಸುಮ್ನೆ ಕೂರುವುದು. ರೈಲು ಬರಲಿ, ಹೋಗಲಿ. ಹೊಟ್ಟೆಯ ತಳಮಳ ಅರ್ಧದಷ್ಟಾದರೂ ಇಳಿಯುವ ತನಕ ಎದ್ದು ಬರಬಾರದು. ಇದು ಅಭ್ಯಾಸವಾದ ಮೇಲೆ ಅಣ್ಣನನ್ನೋ ಗೆಳತಿಯನ್ನೋ ಕರೆದುಕೊಂಡು, ಜನ ಕಡಿಮೆ ಇರುವ ಹೊತ್ತಿನಲ್ಲಿ ಕ್ಯಾತ್ಸಂದ್ರದವರೆಗೆ ಒಂದು ಟಿಕೆಟ್. ಮುಂದಿನ ಸ್ಟೇಷನ್ನೇ ಅದು. ಇಳಿದು ಬಿಸಿಬಿಸಿ ತಟ್ಟೆ ಇಡ್ಲಿ ತಿಂದು ವಾಪಸ್ ಬರಬಹುದು. ಪೀಟರನಿಗೂ ತಿಂಡಿ ಕೊಟ್ಟಿದ್ದರಲ್ವಾ! ಇದೇ ಮೆಟ್ಟಿಲನ್ನು ಬೇಜಾರಾಗುವಷ್ಟು ಸಲ ಹತ್ತಬೇಕು. ಬೇಜಾರಾಯಿತು ಅಂದರೆ ಭಯ ಹೋಯಿತು ಎಂದೇ ಅರ್ಥ. ಆಮೇಲೆ ಒಬ್ಬಳೇ ಕ್ಯಾತ್ಸಂದ್ರಕ್ಕೆ. ಆಮೇಲೆ ಹಿರೇಹಳ್ಳಿ, ನಿಡವಂದ. ಬೆಳಗಿನ ನೂಕುನುಗ್ಗಲು ಎಲ್ಲಕ್ಕಿಂತ ಕೊನೆಗೆ.

ಮನೆಯವರು ಎಡವುವುದು ಇಲ್ಲೇ. “ಧೈರ್ಯ ಮಾಡು” ಎಂದು ಮೊದಲ ದಿನವೇ ತುಂಬಿದ ರೈಲಿಗೆ ತಳ್ಳುತ್ತಾರೆ. ಈ “ಧೈರ್ಯ ಮಾಡು” ಅನ್ನುವಷ್ಟು ಕೆಲಸಕ್ಕೆ ಬಾರದ ಸಲಹೆ ಇನ್ನೊಂದಿಲ್ಲ. ಇಲ್ಲವೇ ತೀರಾ ಮುದ್ದು ಮಾಡುತ್ತಾರೆ. “ನೀನು ಎಲ್ಲಿಗೂ ಹೋಗಬೇಡ, ನಾವೇ ತಂದುಕೊಡುತ್ತೇವೆ” ಎನ್ನುತ್ತಾರೆ. ಅದೂ ಭಯಕ್ಕೆ ಅನ್ನ ಹಾಕಿದ ಹಾಗೆ. ಹುಡುಗಿಯೂ ಒಂದು ವಿಷಯ ಗಮನಿಸಬೇಕು. ರೈಲಿನಲ್ಲಿ ಕಣ್ಣು ಮುಚ್ಚಿ, ಫೋನ್ ಕಿವಿಗೆ ಒತ್ತಿಕೊಂಡು, ನೀರಿನ ಬಾಟಲಿ ಗಟ್ಟಿಯಾಗಿ ಹಿಡಿದು ಪಾರಾದರೆ, ‘ಬಾಟಲಿ ಇದ್ದಿದ್ದಕ್ಕೆ ಬದುಕಿದೆ’ ಎಂದು ಮೆದುಳು ಕಲಿಯುತ್ತದೆ. ಮೊದಮೊದಲು ಇರಲಿ, ಆಮೇಲೆ ಅವನ್ನೂ ಒಂದೊಂದಾಗಿ ಬಿಡಬೇಕು. ಒಂದು ದಿನ ಮಧ್ಯದಲ್ಲಿ ಇಳಿದುಬಿಟ್ಟರೆ ಪರವಾಗಿಲ್ಲ. ಒಂದು ಮೆಟ್ಟಿಲು ಕೆಳಗೆ ಬಂದು ಮತ್ತೆ ಹತ್ತಿದರಾಯಿತು.

ಇನ್ನು ದಿನನಿತ್ಯದ ರೂಢಿಗಳು. ಮೈ ಯಾವಾಗಲೂ ಅರ್ಧ ಗಾಬರಿಯಲ್ಲೇ ಇದ್ದರೆ ಸಣ್ಣ ಸದ್ದಿಗೂ ಬೆಚ್ಚುತ್ತದೆ. ಅದನ್ನು ಇಳಿಸುವ ಕೆಲಸ ಭಯ ಇಲ್ಲದ ದಿನಗಳಲ್ಲೇ ಆಗಬೇಕು.

ಉಸಿರಿನದು ಸುಲಭ. ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ಉಸಿರು ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದವಿರಲಿ. ಹಾಲು ಕಾಯಲು ಇಟ್ಟಾಗ, ಬಸ್ಸಿಗೆ ಕಾಯುವಾಗ ಮಾಡಿ. ಬೇರೆ ಹೊತ್ತು ಹುಡುಕಿದರೆ ಆ ಹೊತ್ತು ಸಿಗುವುದೇ ಇಲ್ಲ.

ನಡಿಗೆ ಇನ್ನೂ ಒಳ್ಳೆಯದು. ವಾರಕ್ಕೆ 150 ನಿಮಿಷ ಚುರುಕಾಗಿ ಓಡಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮಾನಿಕೆರೆ ದಂಡೆಯಾದರೂ ಸರಿ, ತೋಟದ ಬದುವಾದರೂ ಸರಿ. ಗಾಬರಿ ಬೀಳುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಬೆವರು ಬರುವಷ್ಟು ನಡೆದಾಗ ಎದೆ ಡವಡವ ಎನ್ನುತ್ತದೆ, ಉಸಿರು ಏರುತ್ತದೆ, ಆದರೆ ಏನೂ ಆಗುವುದಿಲ್ಲ. ಎದೆ ಜೋರಾಗಿ ಬಡಿದರೆ ಅಪಾಯವಲ್ಲ ಎಂಬ ಪಾಠ ಮೈಗೆ ದಿನಾ ಸಿಗುತ್ತದೆ.

ಚಿಂತೆಗೂ ಒಂದು ಹೊತ್ತು ಗೊತ್ತು ಮಾಡಿ. ಸಂಜೆ ದೀಪ ಹಚ್ಚಿದ ಮೇಲೆ ಕಾಲು ಗಂಟೆ ಸಾಕು. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೊಬ್ಬರಿ ಧಾರಣೆ ಬಿತ್ತು, ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾಯಿತು, ಮಗಳ ಪಿಯುಸಿ ರಿಸಲ್ಟ್ ಏನಾಗುತ್ತದೋ. ನಾಳೆ ಏನಾದರೂ ಮಾಡಬಹುದಾದದ್ದರ ಮುಂದೆ ಆ ಕೆಲಸ ಬರೆಯಿರಿ. ಧಾರಣೆ ನಮ್ಮ ಕೈಯಲ್ಲಿಲ್ಲ, ಅದರ ಮುಂದೆ ಖಾಲಿ ಬಿಡಿ. ರಾತ್ರಿ ಎರಡು ಗಂಟೆಗೆ ಅದೇ ಚಿಂತೆ ಬಂದರೆ, ‘ನಾಳೆ ಸಂಜೆ ಬಾ’ ಎನ್ನಬಹುದು. ನಗಬೇಡಿ, ರೂಢಿಯಾದರೆ ನಿಜಕ್ಕೂ ನಡೆಯುತ್ತದೆ.

ನಿದ್ದೆಗೆ ಒಂದೇ ನಿಯಮ ಹೇಳುತ್ತೇನೆ. ದಿನಾ ಒಂದೇ ಹೊತ್ತಿಗೆ ಏಳಿ. ನಮ್ಮೂರಿನಲ್ಲಿ ಹೊತ್ತಿನ ಶಿಸ್ತು ಎಂದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ನೆನಪಾಗುತ್ತಾರೆ. 1907ರಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾಗುವವರೆಗೆ 111 ವರ್ಷ ಬಾಳಿದವರು. ಅವರಷ್ಟು ಬೇಗ ಏಳಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ! ಕಾಫಿ ಮಧ್ಯಾಹ್ನಕ್ಕೇ ನಿಲ್ಲಿಸಿ, ಅದೂ ಎದೆ ಬಡಿತ ಏರಿಸುತ್ತದೆ. ಭಯ ಮರೆಯಲು ಕುಡಿಯುವವರಿಗೆ ಮರುದಿನ ಬೆಳಗ್ಗೆ ಅದೇ ಭಯ ಬಡ್ಡಿ ಸಮೇತ ವಾಪಸ್ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಎಂದಾದರೆ ಒಬ್ಬರೇ ಗುದ್ದಾಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿ ಯಾರಾದರೂ ನೋಡಿಬಿಟ್ಟರೆ ಎಂಬ ಅಳುಕಿದ್ದರೆ ಮನೆಯಿಂದಲೇ ಫೋನ್ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ 14416. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.