ಸದ್ದು ಬಂದ ಕಡೆ ವಿಮಾನ ಇರುವುದಿಲ್ಲ

ಗೆಳೆಯರೇ, ನಮಸ್ಕಾರ.

ಇಲ್ಲಿ ಕೂತವರೆಲ್ಲ ಆಕಾಶಕ್ಕೆ ಕತ್ತೆತ್ತಿ ಅಭ್ಯಾಸವಿರುವವರೇ. ಫೈಟರ್ ಅಂದರೇನು, ಬಾಂಬರ್ ಅಂದರೇನು ಎಂದು ಓಂನಾಮದಿಂದ ಶುರು ಮಾಡುವುದಿಲ್ಲ. ಒಂದು ಮಾತನ್ನು ಮಾತ್ರ ನಿಮ್ಮ ತಲೆಗೆ ಹಾಕಿ ಹೋಗಬೇಕೆಂದು ಬಂದಿದ್ದೇನೆ: ಆಕಾರ ಮೊದಲು, ಹೆಸರು ಆಮೇಲೆ. ಇದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈಗೀಗ ಆಗುತ್ತಿರುವುದೇನು? ಜೆಟ್ ಸದ್ದು ಕೇಳಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಫೋನ್ ತೆಗೆದು, ಕ್ಯಾಮೆರಾ ತೆರೆದು, ಮೇಲೆತ್ತುವಷ್ಟರಲ್ಲಿ ವಿಮಾನ ದಾಟಿ ಹೋಗಿರುತ್ತದೆ. ಪರದೆಯಲ್ಲಿ ಉಳಿಯುವುದು ಒಂದು ಕರಿ ಚುಕ್ಕೆ. ಅದನ್ನು ಹತ್ತು ಜನಕ್ಕೆ ಕಳಿಸಿ 'ಇದು ಯಾವುದು?' ಎಂದು ಕೇಳುತ್ತೇವೆ. ವಿಮಾನ ನೋಡಬೇಕಿದ್ದ ಕಣ್ಣು ಆ ಹೊತ್ತಿನಲ್ಲಿ ಪರದೆ ನೋಡುತ್ತಿತ್ತು.

ಸದ್ದಿನಿಂದಲೇ ಶುರು ಮಾಡೋಣ, ಹೆಚ್ಚಿನವರು ಎಡವುವುದು ಅಲ್ಲೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದ ಜೆಟ್ ಸೆಕೆಂಡಿಗೆ 250 ಮೀಟರ್ ಓಡುತ್ತದೆ. ಮೂರು ಕಿಲೋಮೀಟರ್ ದೂರದಲ್ಲಿ ಹೊರಟ ಸದ್ದು ನಿಮ್ಮ ಕಿವಿ ಮುಟ್ಟಲು ಹತ್ತಿರ ಹತ್ತಿರ ಒಂಬತ್ತು ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಎರಡು ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅದು ನಿಮ್ಮ ನೆತ್ತಿಯ ಮೇಲಿರುವಾಗ ಸದ್ದು ಸುಮಾರು 47 ಡಿಗ್ರಿ ಹಿಂದಿನಿಂದ ಬರುತ್ತಿರುತ್ತದೆ.

ಡಿಗ್ರಿ ಅಳೆಯಲು ಉಪಕರಣ ಬೇಡ. ಕೈಯನ್ನು ಪೂರ್ತಿ ಚಾಚಿ, ಬೆರಳು ಅಗಲಿಸಿ. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗಿನ ಗೇಣು ಹೆಚ್ಚುಕಡಿಮೆ 20 ಡಿಗ್ರಿ. ಮುಷ್ಟಿ ಹಿಡಿದರೆ 10. ಕಿರುಬೆರಳಿನ ಅಗಲ 1. ಮುಂದಿನ ಸಾಲಿನವರು ಆಗಲೇ ಕೈ ಚಾಚಿದ್ದಾರೆ, ಬಹಳ ಸಂತೋಷ, ಪಕ್ಕದವರ ಕನ್ನಡಕಕ್ಕೆ ತಾಗದಂತೆ ನೋಡಿಕೊಳ್ಳಿ. ಈಗ ಲೆಕ್ಕ ಸುಲಭ. ಸದ್ದು ಕೇಳಿದಾಗ ಎರಡು ಸೆಕೆಂಡು ಸುಮ್ಮನೆ ನಿಂತು ಅದು ಯಾವ ಕಡೆಗೆ ಸರಿಯುತ್ತಿದೆ ಎಂದು ಗಮನಿಸಿ. ವೇಗದ ಜೆಟ್ ನೆತ್ತಿಯ ಹತ್ತಿರ ಹಾಯುತ್ತಿದ್ದರೆ, ಸದ್ದಿನ ಜಾಗದಿಂದ ಎರಡೂವರೆ ಗೇಣು ಮುಂದೆ ನೋಡಿ. ಗಂಟೆಗೆ 500 ಕಿಲೋಮೀಟರಿನ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ಸಾಗಣೆ ವಿಮಾನಕ್ಕೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. 250ರ ಹೆಲಿಕಾಪ್ಟರಿಗೆ ಒಂದು ಮುಷ್ಟಿ ಸಾಕು.

ಸರಿಯಾದ ಕಡೆ ನೋಡಿದರೂ ಕಾಣದೇ ಹೋಗುವುದುಂಟು. ಖಾಲಿ ಆಕಾಶವನ್ನೇ ದಿಟ್ಟಿಸುತ್ತಿದ್ದರೆ ಕಣ್ಣಿಗೆ ಆತುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಅದು ತಾನಾಗಿ ಒಂದೆರಡು ಮೀಟರ್ ದೂರಕ್ಕೆ ಫೋಕಸ್ ಆಗಿ ಕೂತುಬಿಡುತ್ತದೆ. ದೂರದ ಚುಕ್ಕೆ ಮಸುಕಾಗಿ ಕರಗಿಹೋಗುತ್ತದೆ. ಪೈಲಟ್‌ಗಳಿಗೂ ಇದೇ ತೊಂದರೆ, ಅವರಿಗೆ ಕಲಿಸುವ ಪರಿಹಾರವೇ ನಮಗೂ ಆಗುತ್ತದೆ. ಆಗಾಗ ದೂರದ ಮೋಡದ ಅಂಚನ್ನೋ ಗುಡ್ಡದ ನೆತ್ತಿಯನ್ನೋ ನೋಡಿ ಕಣ್ಣನ್ನು ದೂರಕ್ಕೆ ಎಳೆದುಕೊಳ್ಳಿ. ಆಮೇಲೆ ಆಕಾಶವನ್ನು ಒಂದೊಂದು ಮುಷ್ಟಿ ಅಗಲದ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಒಂದು ಸೆಕೆಂಡಾದರೂ ನಿಲ್ಲಿ. ಸರ್ರನೆ ಗುಡಿಸಿದಂತೆ ನೋಡಿದರೆ ಏನೂ ಸಿಗುವುದಿಲ್ಲ, ಚಲಿಸುವ ಕಣ್ಣಿಗೆ ಸಣ್ಣ ವಸ್ತು ಕಾಣಿಸದು. ಮತ್ತೆ, ಎಷ್ಟು ಸಣ್ಣದನ್ನು ಹುಡುಕುತ್ತಿದ್ದೀರಿ ಎಂಬುದೂ ಗೊತ್ತಿರಲಿ. ಎಫ್-16 ಫೈಟರಿನ ಉದ್ದ 15 ಮೀಟರ್. ಮೂರು ಕಿಲೋಮೀಟರ್ ದೂರದಲ್ಲಿ, ಅದೂ ಪಕ್ಕದಿಂದ ಕಂಡರೆ, ಹುಣ್ಣಿಮೆ ಚಂದ್ರನ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಎದುರಿನಿಂದ ನೇರ ಬರುತ್ತಿದ್ದರೆ ಅದೂ ಇಲ್ಲ. ಎಫ್-4 ಫ್ಯಾಂಟಮ್ ಎದುರಿಂದ ಬಂದಾಗ ವಿಮಾನಕ್ಕಿಂತ ಮೊದಲು ಅದರ ಜೆ79 ಎಂಜಿನ್‌ಗಳ ಕರಿ ಹೊಗೆಯೇ ಕಣ್ಣಿಗೆ ಬೀಳುತ್ತಿತ್ತು.

ಈಗ ನಾನು ಹೇಳಲೇಬೇಕಾದ ಪ್ರಸಂಗ. 1989ರ ಆಗಸ್ಟ್. ಉತ್ತರ ಸಮುದ್ರದ ನಡುವೆ ತೈಲ ಕೊರೆಯುವ ಕಟ್ಟೆ. ಅಲ್ಲಿ ಕೆಲಸದಲ್ಲಿದ್ದ ಎಂಜಿನಿಯರ್ ಒಬ್ಬನನ್ನು ಜೊತೆಗಾರ ಹೊರಗೆ ಕರೆದು ಮೇಲೆ ತೋರಿಸುತ್ತಾನೆ. ಕೆಸಿ-135 ಇಂಧನ ಟ್ಯಾಂಕರ್ ಒಂದು, ಜೊತೆಗೆ ಎರಡು ಎಫ್-111 ಬಾಂಬರ್. ಇವುಗಳ ಜೊತೆಯಲ್ಲೇ ಹಾರುತ್ತಿದ್ದದ್ದು ಒಂದು ನೀಳ ತ್ರಿಕೋನ, ಕಡಿತವಿಲ್ಲದ ನೇರ ಅಂಚು.

ನೋಡಿದವನು ಯಾರೋ ದಾರಿಹೋಕನಲ್ಲ. ಬ್ರಿಟನ್ನಿನ ರಾಯಲ್ ಅಬ್ಸರ್ವರ್ ಕೋರ್‌ನಲ್ಲಿ ವಿಮಾನ ಗುರುತಿಸುವುದರಲ್ಲೇ ಪಳಗಿದವನು. ಅವನು ಮಾಡಿದ ಕೆಲಸವನ್ನು ನಿಧಾನವಾಗಿ ನೋಡೋಣ. ಅವನು ಮೊದಲು ಹೆಸರು ಹುಡುಕಲಿಲ್ಲ, ಆಕಾರ ಹಿಡಿದ. ಇದೂ ಇನ್ನೊಂದು ಎಫ್-111 ಇರಬಹುದೇ? ಕೇಳಬೇಕಾದ ಪ್ರಶ್ನೆಯೇ ಅದು, ಎಫ್-111ರ ರೆಕ್ಕೆ ಹಿಂದಕ್ಕೆ ಮಡಚುತ್ತದೆ, 16 ಡಿಗ್ರಿಯಿಂದ 72.5 ಡಿಗ್ರಿವರೆಗೆ. ಪೂರ್ತಿ ಮಡಚಿದಾಗ ಕೆಳಗಿನಿಂದ ತ್ರಿಕೋನದಂತೆಯೇ ಕಾಣುತ್ತದೆ. ಆದರೆ ರೆಕ್ಕೆಗೂ ಬಾಲದ ಅಡ್ಡಪಟ್ಟಿಗೂ ನಡುವೆ ಒಂದು ಸಂದು ಉಳಿಯುತ್ತದೆ. ಇದರಲ್ಲಿ ಸಂದು ಇರಲಿಲ್ಲ, ಉದ್ದವೂ ಹೆಚ್ಚು. ಹಾಗಾದರೆ ರಾಡಾರಿಗೆ ಸುಲಭವಾಗಿ ಸಿಗದ ಅಮೆರಿಕದ ಎಫ್-117? ಅದರ ಇರವು ಬಹಿರಂಗವಾಗಿ ಆಗಿನ್ನೂ ವರ್ಷವೂ ತುಂಬಿರಲಿಲ್ಲ. ಅದರ ಹಿಂಬದಿಯೂ ಕಡಿದಂತಿದೆ, ಉದ್ದ 20 ಮೀಟರ್ ಮಾತ್ರ. ಅದೂ ಅಲ್ಲ. ಫ್ರಾನ್ಸಿನ ಮಿರಾಜ್ 4, ಡೆಲ್ಟಾ ಅಂದರೆ ತ್ರಿಕೋನ ರೆಕ್ಕೆಯ ಬಾಂಬರ್? ಅದೂ ಹೊಂದಲಿಲ್ಲ. ಅಲ್ಲಿಗೆ ಅವನಿಗೆ ಗೊತ್ತಿದ್ದ ಹೆಸರುಗಳು ಮುಗಿದವು.

ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಗಲಾರದು. ಅವನ ಕೈಯಲ್ಲಿ ಅಳತೆಗೋಲು ಇತ್ತು. ಕೆಸಿ-135 ಉದ್ದ 41.5 ಮೀಟರ್, ಎಫ್-111 ಉದ್ದ 22.4 ಮೀಟರ್. ಒಂಟಿ ತ್ರಿಕೋನವಾಗಿದ್ದರೆ ಅದು ಹತ್ತು ಮೀಟರಿನದೋ ನೂರು ಮೀಟರಿನದೋ ಯಾರೂ ಹೇಳಲಾಗುತ್ತಿರಲಿಲ್ಲ. ಆಕಾಶದಲ್ಲಿ ದೂರ ಗೊತ್ತಿಲ್ಲದೆ ಗಾತ್ರ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಗೊತ್ತಿರುವ ವಿಮಾನ ಇದ್ದರೆ ಮಾತ್ರ ಗೊತ್ತಿಲ್ಲದ್ದರ ಅಳತೆ ಸಿಗುತ್ತದೆ. ಹೀಗಾಗಿ ಗುಂಪಿನಲ್ಲಿ ಹಾರುವಾಗ ನಿಮಗೆ ಪರಿಚಯದ ವಿಮಾನವನ್ನು ಮೊದಲು ಗುರುತಿಸಿ, ಅಪರಿಚಿತವನ್ನು ಅದರ ಜೊತೆ ಇಟ್ಟು ನೋಡಿ: ಅದರ ಎಷ್ಟು ಪಾಲು ಉದ್ದ, ಎಷ್ಟು ಪಾಲು ಅಗಲ.

ಅವನು ಬರೆದ ಚಿತ್ರ ಲೋಕಕ್ಕೆ ತಿಳಿದದ್ದು 1992ರಲ್ಲಿ. ಅಮೆರಿಕದ ಗುಪ್ತ ವಿಮಾನ ಎಂದು ಪತ್ರಿಕೆಗಳು ಬರೆದವು, ಅಧಿಕಾರಿಗಳು ಅಂಥದ್ದೇನೂ ಇಲ್ಲವೆಂದರು. ಹೆಸರು ಇವತ್ತಿಗೂ ಇಲ್ಲ. ಆದರೆ ಹೆಸರಿಲ್ಲದ ಆ ಚಿತ್ರವನ್ನು ಜನ ಇನ್ನೂ ಎದುರಿಗೆ ಇಟ್ಟುಕೊಂಡು ವಾದಿಸುತ್ತಾರೆ. ಅವನು ಅಂದೇ 'ಎಫ್-117 ನೋಡಿದೆ' ಎಂದು ಒಂದು ಹೆಸರು ಅಂಟಿಸಿ ಸುಮ್ಮನಾಗಿದ್ದರೆ ಆ ನೋಟ ಅಲ್ಲೇ ಸತ್ತುಹೋಗುತ್ತಿತ್ತು. ಆಕಾರ ಮೊದಲು, ಹೆಸರು ಆಮೇಲೆ. ಇದು ಎರಡನೇ ಸಲ.

ಹೆಸರು ಮೊದಲು ಬಂದರೆ ಏನಾಗುತ್ತದೆ? 1939ರ ಸೆಪ್ಟೆಂಬರ್ 6, ಬ್ರಿಟನ್ ಯುದ್ಧ ಸಾರಿ ಮೂರೇ ದಿನ. ಶತ್ರು ಬರುತ್ತಿದ್ದಾನೆ ಎಂಬ ಎಚ್ಚರಿಕೆ ಹೋಗಿತ್ತು. ಬ್ರಿಟನ್ನಿನ ಸ್ಪಿಟ್‌ಫೈರ್ ಫೈಟರ್‌ಗಳಲ್ಲಿದ್ದವರ ತಲೆಯಲ್ಲಿ 'ಜರ್ಮನ್' ಎಂಬ ಹೆಸರು ಮೊದಲೇ ಕೂತಿತ್ತು. ಎದುರಿಗೆ ಕಂಡದ್ದು ತಮ್ಮದೇ ಹರಿಕೇನ್ ಫೈಟರ್‌ಗಳು. ಎರಡನ್ನು ಹೊಡೆದುರುಳಿಸಿದರು, ಒಬ್ಬ ಪೈಲಟ್ ಸತ್ತ. 1943ರ ಜುಲೈ 11ರ ರಾತ್ರಿ ಸಿಸಿಲಿಯಲ್ಲಿ ಮಿತ್ರಪಕ್ಷದ ಹಡಗು ಮತ್ತು ನೆಲದ ಫಿರಂಗಿಗಳು ತಮ್ಮದೇ ಸೈನಿಕರನ್ನು ಹೊತ್ತ ಸಾಗಣೆ ವಿಮಾನಗಳ ಮೇಲೆ ಗುಂಡು ಹಾರಿಸಿದವು, 144ರಲ್ಲಿ 23 ಹೋದವು. ಮರುವರ್ಷ ಜೂನ್ 6ರ ನಾರ್ಮಂಡಿ ದಾಳಿಗೆ ಮುನ್ನ ರೆಕ್ಕೆ ಮತ್ತು ಮೈ ಸುತ್ತ ಮೂರು ಬಿಳಿ, ಎರಡು ಕಪ್ಪು ಪಟ್ಟಿ ಬಳಿದದ್ದು ಇದೇ ಭಯಕ್ಕೆ. ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಕಣ್ಣು ಆಕಾರ ಓದುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಆ ಯುದ್ಧದಲ್ಲೇ ಬೆಳೆದ ಕ್ರಮ ಒಂದಿದೆ: ರೆಕ್ಕೆ, ಎಂಜಿನ್, ಮೈ, ಬಾಲ, ಇದೇ ಸರತಿಯಲ್ಲಿ ನೋಡುವುದು. ರೆಕ್ಕೆ ನೇರವೇ, ಹಿಂಬಾಗಿದೆಯೇ, ಡೆಲ್ಟಾವೇ, ಮೈಗೆ ಮೇಲೆ ಸೇರಿದೆಯೋ ಕೆಳಗೋ. ಎಂಜಿನ್ ಎಷ್ಟು, ಎಲ್ಲಿ. ಗಾಳಿ ಒಳಹೋಗುವ ಬಾಯಿ ಪಕ್ಕದಲ್ಲೋ ಹೊಟ್ಟೆಯಡಿಯೋ. ಕೊನೆಗೆ ನಿಂತ ಬಾಲ ಒಂದೋ ಎರಡೋ. ಕಲಿಯುವವರಿಗೆ ಇದು ಒಳ್ಳೆಯದು. ಆದರೆ ಮೂರು ಸೆಕೆಂಡಿನ ನೋಟದಲ್ಲಿ ನಾಲ್ಕು ಪ್ರಶ್ನೆಗೆ ಸಮಯ ಸಾಲದು. ಅದಕ್ಕೇ ಅಮೆರಿಕದ ನೌಕಾಪಡೆ ವಿಮಾನದ ಚಿತ್ರಗಳನ್ನು ಮಿಂಚಿನಷ್ಟು ಹೊತ್ತು ಪರದೆಯ ಮೇಲೆ ತೋರಿಸಿ, ಇಡೀ ಆಕಾರವನ್ನು ಒಂದೇ ಸಲ ಹಿಡಿಯಲು ಕಲಿಸಿತು. ಪರಿಚಯದವರನ್ನು ನಾವು ಮೂಗು, ಕಿವಿ ಎಂದು ಲೆಕ್ಕ ಹಾಕಿ ಗುರುತಿಸುತ್ತೇವೆಯೇ? ನಡಿಗೆಯಿಂದಲೇ ಗೊತ್ತಾಗುತ್ತದೆ.

ಆಕಾರ ಅತ್ಯಂತ ಚೆನ್ನಾಗಿ ಕಾಣುವ ಗಳಿಗೆ ಯಾವುದು? ವಿಮಾನ ಹೊರಳಿ ತಿರುಗುವಾಗ. ನೇರ ಹೋಗುವಾಗ ಒಂದು ಕಡ್ಡಿ, ವಾಲಿದ ಕೂಡಲೇ ರೆಕ್ಕೆಯ ಪೂರ್ತಿ ನಕ್ಷೆ ನಿಮ್ಮ ಕಡೆಗೆ ತೆರೆದುಕೊಳ್ಳುತ್ತದೆ. ಬಿ-2 ಬಾಂಬರನ್ನೇ ನೋಡಿ, ರೆಕ್ಕೆಯ ಅಗಲ 52 ಮೀಟರ್, ಆದರೆ ಬಾಲವಿಲ್ಲದ ಅದು ಪಕ್ಕದಿಂದ ಒಂದು ತೆಳು ಗೆರೆ. ವಾಲಿದಾಗ ಮಾತ್ರ ಗರಗಸದಂಥ ಹಿಂಬದಿ ಅಂಚು ಕಾಣುತ್ತದೆ. ತೇವ ತುಂಬಿದ ಬೆಳಗಾದರೆ ಇನ್ನೂ ಸೊಗಸು. ಬಿಗಿಯಾಗಿ ತಿರುಗುವಾಗ ರೆಕ್ಕೆಯ ಮೇಲಿನ ಒತ್ತಡ ಕುಸಿದು, ಗಾಳಿ ತಣ್ಣಗಾಗಿ, ಬಿಳಿ ಆವಿ ಹೊಮ್ಮುತ್ತದೆ. ಇದನ್ನು ಕಂಡ ಕೂಡಲೇ 'ಶಬ್ದದ ವೇಗ ದಾಟಿತು' ಎನ್ನುವವರಿದ್ದಾರೆ. 1999ರಲ್ಲಿ ಕಾನ್‌ಸ್ಟೆಲೇಶನ್ ಎಂಬ ವಿಮಾನವಾಹಕ ನೌಕೆಯಿಂದ ತೆಗೆದ ಎಫ್/ಎ-18ರ ಚಿತ್ರ ನೀವೆಲ್ಲ ನೋಡಿದ್ದೀರಿ, ವಿಮಾನದ ಸುತ್ತ ಬಿಳಿ ಶಂಕು. ಆ ಶಂಕು ಹೇಳುವುದು ಗಾಳಿಯ ತೇವದ ಮಾತು. ಶಬ್ದದ ವೇಗ ಮುಟ್ಟುವ ಮೊದಲೇ ಅದು ಮೂಡಬಲ್ಲದು, ಒಣ ಹವೆಯಲ್ಲಿ ದಾಟಿದರೂ ಮೂಡದಿರಬಹುದು.

ಆ ತ್ರಿಕೋನ ಕಂಡ ಅದೇ 1989ರ ಜೂನ್. ಪ್ಯಾರಿಸ್ಸಿನ ಲೆ ಬೂರ್ಜೆ ವಿಮಾನ ಪ್ರದರ್ಶನ. ಸೋವಿಯತ್ ಪೈಲಟ್ ವಿಕ್ಟರ್ ಪುಗಚೋವ್ ಸುಖೋಯ್ 27 ಫೈಟರನ್ನು ತಂದು ಜನರ ಮುಂದೆ ಮೂಗೆತ್ತಿಸಿದ. ಮೂಗು ನೆಟ್ಟಗಾಯಿತು, ನೆಟ್ಟಗಿನಿಂದ ಹಿಂದಕ್ಕೂ ವಾಲಿತು. ವಿಮಾನ ಮೇಲೇರಲಿಲ್ಲ, ಹೊಟ್ಟೆ ಮುಂದು ಮಾಡಿಕೊಂಡು ಮುಂದಕ್ಕೇ ಜಾರಿತು. ವೇಗ ಉಡುಗಿತು, ಮತ್ತೆ ಮೂಗು ಇಳಿಸಿ ಹೊರಟಿತು. ಎಲ್ಲ ಕೆಲವೇ ಸೆಕೆಂಡು. ಹೆಡೆಯೆತ್ತಿದ ಹಾವಿನ ಹೆಸರು ಅದಕ್ಕೆ ಬಂತು, ಕೋಬ್ರಾ. ಇದನ್ನು ನೋಡುವಾಗ ಮೂಗಿನ ಮೇಲೆ ಕಣ್ಣಿಡಬೇಡಿ. ಹಿಂದಿರುವ ಮೋಡವನ್ನೋ ಕಂಬವನ್ನೋ ಗುರುತಿಟ್ಟುಕೊಂಡು, ವಿಮಾನ ಅದನ್ನು ಹೇಗೆ ದಾಟುತ್ತದೆ ನೋಡಿ. ಮೂಗು ಒಂದು ದಿಕ್ಕು, ಹೋಗುವುದು ಇನ್ನೊಂದು ದಿಕ್ಕು ಎಂಬುದು ಆಗಲೇ ಎದೆಗೆ ತಟ್ಟುವುದು. ಅದೇ ಪ್ರದರ್ಶನದಲ್ಲಿ ಮಿಗ್-29 ಒಂದು ನೆಲಕ್ಕೆ ಬಿತ್ತು, ಹಕ್ಕಿಯೊಂದು ಎಂಜಿನ್ ಸೇರಿದ್ದರಿಂದ. ಪೈಲಟ್ ಅನಾತೊಲಿ ಕ್ವೊಚೂರ್ ಕೊನೆ ಗಳಿಗೆಯಲ್ಲಿ ಹೊರಚಿಮ್ಮಿ ಬದುಕಿಕೊಂಡ.

ಅಧ್ಯಕ್ಷರಿಂದ ಚೀಟಿ ಬಂದಿದೆ, ಐದು ನಿಮಿಷ. ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71 ಬಗ್ಗೆ ಬಹಳ ಇತ್ತು, ಒಂದೇ ಮಾತು ಹೇಳುತ್ತೇನೆ. 1990ರ ಮಾರ್ಚ್ 6ರಂದು ಅದು ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ ಒಂದು ಗಂಟೆ ನಾಲ್ಕು ನಿಮಿಷದಲ್ಲಿ ಹಾರಿತು. ಶಬ್ದದ ಮೂರು ಪಟ್ಟು ವೇಗದ ವಿಮಾನದ ಗುಡುಗು ನೆಲ ಮುಟ್ಟುವಷ್ಟರಲ್ಲಿ ವಿಮಾನ ಹತ್ತಾರು ಕಿಲೋಮೀಟರ್ ಆಚೆ ಇರುತ್ತದೆ. ಅಲ್ಲಿ ಗೇಣಿನ ಲೆಕ್ಕ ನಡೆಯದು.

ಬೈನಾಕ್ಯುಲರ್: 8×42 ಸಾಕು, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಅಗಲದ ಮಸೂರದ್ದು. ಹತ್ತು ಪಟ್ಟಿಗಿಂತ ಹೆಚ್ಚಿನದು ಕೈಯಲ್ಲಿ ಅದುರುತ್ತದೆ, ನೋಟದ ಕಿಟಕಿಯೂ ಕಿರಿದಾಗಿ ಜೆಟ್ ತಪ್ಪಿಹೋಗುತ್ತದೆ. ಕಣ್ಣು ವಿಮಾನದ ಮೇಲೇ ಇರಲಿ, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿ ಎತ್ತಿಕೊಂಡರೆ ಮತ್ತೆ ಸಿಗುವುದಿಲ್ಲ. ಕ್ಯಾಮೆರಾ: ಜೆಟ್‌ಗೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಹೆಲಿಕಾಪ್ಟರಿಗೆ ಇನ್ನೂರೈವತ್ತರಲ್ಲೊಂದು ಅಥವಾ ಅದಕ್ಕೂ ನಿಧಾನ, ಇಲ್ಲದಿದ್ದರೆ ರೆಕ್ಕೆಗಳು ನಿಂತಂತಾಗಿ ಆಟಿಕೆ ಹಾಗೆ ಕಾಣುತ್ತದೆ.

ವಿಮಾನ ತೋರಿಸುವ ಆ್ಯಪ್‌ಗಳನ್ನು ಪೂರ್ತಿ ನಂಬಬೇಡಿ, ಸೇನಾ ವಿಮಾನಗಳು ತಮ್ಮ ಸ್ಥಾನ ಹೇಳಿಕೊಳ್ಳದೆ ಹಾರುವುದು ಸಾಮಾನ್ಯ. ಕಾನೂನು ತಿಳಿದುಕೊಂಡೇ ಹೋಗಿ. 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾಟಾದಲ್ಲಿ 12 ಬ್ರಿಟಿಷರು, ಇಬ್ಬರು ಡಚ್ಚರು ಸೇನಾ ವಿಮಾನ ನೋಡಿ ಬರೆದುಕೊಂಡದ್ದಕ್ಕೇ ಗೂಢಚಾರಿಕೆಯ ಆರೋಪದಲ್ಲಿ ಸೆರೆಯಾದರು. ಶಿಕ್ಷೆಯೂ ಆಯಿತು, ಮೇಲ್ಮನವಿಯಲ್ಲಿ ನಿರ್ದೋಷಿಗಳೆಂದು ತೀರ್ಪಾಗಲು ಮುಂದಿನ ವರ್ಷದ ನವೆಂಬರ್ ಬೇಕಾಯಿತು.

ಕೊನೆಯದು, ಟಿಪ್ಪಣಿ. ವಿಮಾನ ಮರೆಯಾದ ಮರುಗಳಿಗೆ, ಪಕ್ಕದವರೊಡನೆ ಮಾತಾಡುವ ಮೊದಲು, ಚಿತ್ರ ಗೀಚಿ. ಇಬ್ಬರು ಮಾತಾಡಿದರೆ ಇಬ್ಬರ ನೆನಪೂ ಕಲಸಿಹೋಗುತ್ತದೆ. ಆಮೇಲೆ ಗಂಟೆ, ದಿಕ್ಕು, ದಿಗಂತದಿಂದ ಎಷ್ಟು ಮುಷ್ಟಿ ಎತ್ತರ, ಎಷ್ಟು ಸೆಕೆಂಡು ಕಂಡಿತು, ಜೊತೆಯಲ್ಲಿ ಏನಿತ್ತು. ಹೆಸರಿನ ಸಾಲನ್ನು ಖಾಲಿ ಬಿಡಿ.

ಬಾಗಿಲ ಬಳಿಯ ಮೇಜಿನ ಮೇಲೆ ನಲವತ್ತು ವಿಮಾನಗಳ ಕರಿನೆರಳಿನ ಚೀಟಿಗಳಿವೆ. ಒಬ್ಬೊಬ್ಬರು ಐದೈದು ತೆಗೆದುಕೊಳ್ಳಿ. ಹೆಸರು ಹಿಂಬದಿಯಲ್ಲಿದೆ, ಚಿತ್ರವನ್ನು ನೋಡದೇ ಒಮ್ಮೆ ಬರೆದು ಮುಗಿಸಿದ ಮೇಲೆ ತಿರುಗಿಸಿ.